ವಿದ್ಯುತ್ ಪ್ರಮಾಣಪತ್ರಗಳೂ ಇಮ್ಮಡಿ ಎಣಿಕೆಯೂ: ಒಂದು ಚಾರಿತ್ರಿಕ ಅವಲೋಕನ

ನಾಸಿಕ ಜಿಲ್ಲೆಯ ಬಾಗಲಾಣ ತಾಲೂಕಿನ ಮುಖ್ಯ ಪಟ್ಟಣವಾದ ಸಟಾಣಾ ಮಹಾರಾಷ್ಟ್ರದ ಜನಮನದಲ್ಲಿ ‘ದೇವ ಮಾಮಲೇದಾರ’ ಯಶವಂತರಾವ್ ಮಹಾರಾಜರ ಊರೆಂದು ನೆಲೆಗೊಂಡಿದೆ. 1870ರ ಸುಮಾರಿನ ಬರಗಾಲದಲ್ಲಿ ಅಲ್ಲಿಯ ಮಾಮಲೇದಾರರಾಗಿದ್ದ ಯಶವಂತರಾವ್ ಮಹಾದೇವ ಭೋಸೇಕರರು ಸರಕಾರದ ಖಜಾನೆಯ ಹಣವನ್ನೇ ಹಸಿದವರಿಗೆ ಹಂಚಿದರೆಂದೂ, ಮೇಲಧಿಕಾರಿಗಳು ಬಂದು ಎಣಿಸಲಾಗಿ ಖಜಾನೆಯಲ್ಲಿ ಒಂದು ಕಾಸೂ ಕಡಮೆಯಾಗಿರಲಿಲ್ಲವೆಂದೂ ಐತಿಹ್ಯವಿದೆ. ಒಂದೇ ರೂಪಾಯಿ ಬಡವನ ಕೈಯಲ್ಲಿಯೂ ಸರಕಾರದ ಪೆಟ್ಟಿಗೆಯಲ್ಲಿಯೂ ಇರುವುದು ಭಕ್ತಿಯ ದೃಷ್ಟಿಗೆ ಪವಾಡ. ಲೆಕ್ಕಪತ್ರದ ದೃಷ್ಟಿಗೆ ಅದು ಇಮ್ಮಡಿ ಎಣಿಕೆ. ಸಂತನ ಕಥೆಗೆ ಶೋಭಿಸುವುದು ಪೇಟೆಯ ವ್ಯವಹಾರಕ್ಕೆ ಸಲ್ಲದು.

ಬಾಗಲಾಣಕ್ಕೆ ಹೊಂದಿಕೊಂಡಿರುವ ಧುಳೆ ಜಿಲ್ಲೆಯ ಸಾಕ್ರಿ ತಾಲೂಕಿನಲ್ಲಿ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಅಲ್ಲಿಯ ಶಿವಾಜಿನಗರದಲ್ಲಿ 2013ರಲ್ಲಿ ಮಹಾನಿರ್ಮಿತಿ ಸಂಸ್ಥೆಯ 125 ಮೆಗಾವಾಟ್ ಸೌರಸ್ಥಾವರವೂ ಕಾರ್ಯಾರಂಭ ಮಾಡಿತು. ಇಂತಹ ಸ್ಥಾವರಗಳಲ್ಲಿ ಹುಟ್ಟಿದ ವಿದ್ಯುತ್ತಿನ ಹಸಿರುತನವನ್ನು ತನ್ನದೆಂದು ಹೇಳುವ ಹಕ್ಕು ಯಾರದು? ಉತ್ಪಾದಕನದೋ, ಅದನ್ನು ಕೊಂಡ ವಿತರಣ ಸಂಸ್ಥೆಯದೋ, ದೂರದ ಮುಂಬಯಿಯಲ್ಲಿ ಪ್ರಮಾಣಪತ್ರ ಕೊಂಡ ಕಾರ್ಖಾನೆಯದೋ? ಮೂವರೂ ತಮ್ಮದೆಂದರೆ ಒಂದು ಯೂನಿಟ್ಟು ಕಾಗದದ ಮೇಲೆ ಮೂರಾಗುವುದು.

ಹಿಂದೆ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ ವಿದ್ಯುತ್ತನ್ನು ಸಾಗಿಸಿದಾಗ, ಮೂಲ ಒಂದು, ತಂತಿಮಾರ್ಗ ಒಂದು, ಗಿರಾಕಿಯೂ ಒಬ್ಬನೇ ಆಗಿದ್ದನು. ಕಾವೇರಿಯ ಶಕ್ತಿ ಎಲ್ಲಿ ಹುಟ್ಟಿ ಎಲ್ಲಿ ವ್ಯಯವಾಯಿತೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಕಾಲಕ್ರಮದಲ್ಲಿ ಪ್ರಾಂತಗಳ ಜಾಲಗಳು ಕೂಡಿ ದೇಶಕ್ಕೆಲ್ಲ ಒಂದೇ ಜಾಲವಾಗಲು, ಗಾಳಿಯ ವಿದ್ಯುತ್ತೂ ಕಲ್ಲಿದ್ದಲಿನ ವಿದ್ಯುತ್ತೂ ಹೊಳೆಗೆ ಸೇರಿದ ಹಳ್ಳಗಳಂತೆ ಒಂದಾದವು. ಅವುಗಳನ್ನು ಬೇರ್ಪಡಿಸಿ ತೋರಿಸುವ ಸಾಧನ ಲೆಕ್ಕವೊಂದೇ. ‘ಹೊಳೆಗೆ ಹಾಕಿದರೂ ಅಳೆದು ಹಾಕು’ ಎಂಬ ನಾಣ್ಣುಡಿ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

2003ರ ವಿದ್ಯುಚ್ಛಕ್ತಿ ಅಧಿನಿಯಮವು ವಿತರಣ ಸಂಸ್ಥೆಗಳು ತಮ್ಮ ಖರೀದಿಯಲ್ಲಿ ಒಂದು ಪಾಲನ್ನು ನವೀಕರಣೀಯ ಮೂಲಗಳಿಂದ ಪಡೆಯುವಂತೆ ವಿಧಿಸುವ ಹೊಣೆಯನ್ನು ರಾಜ್ಯ ಆಯೋಗಗಳಿಗೆ ವಹಿಸಿತು. ಆದರೆ ಗಾಳಿ ಎಲ್ಲ ರಾಜ್ಯಗಳಲ್ಲಿಯೂ ಸಮನಾಗಿ ಬೀಸುವುದಿಲ್ಲ. ಆದಕಾರಣ 2010ರ ಜನವರಿಯಲ್ಲಿ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಪ್ರಮಾಣಪತ್ರದ ನಿಯಮಗಳನ್ನು ಹೊರಡಿಸಿತು. ಅವುಗಳಂತೆ ವಿದ್ಯುತ್ತು ಒಂದು ಸರಕು, ಅದರ ಹಸಿರುತನ ಇನ್ನೊಂದು ಸರಕು. ಸಾವಿರ ಯೂನಿಟ್ಟಿಗೆ, ಎಂದರೆ ಒಂದು ಮೆಗಾವಾಟ್-ಗಂಟೆಗೆ, ಒಂದು ಪತ್ರ. ಸೌರಪತ್ರಕ್ಕೆ ಮೊದಲಿಗೆ 12,000 ರೂಪಾಯಿಗಳ ಕನಿಷ್ಠ ಬೆಲೆಯೂ 17,000 ರೂಪಾಯಿಗಳ ಗರಿಷ್ಠ ಬೆಲೆಯೂ ಗೊತ್ತಾಗಿದ್ದುವು. ಒಂದೇ ಯೂನಿಟ್ಟನ್ನು ಎರಡು ಸಲ ಎಣಿಸಿದರೆ ಆಗುವ ಅನ್ಯಾಯದ ಗಾತ್ರ ಇದರಿಂದಲೇ ವಿದಿತವಾಗುತ್ತದೆ.

ಈ ನಿಯಮಗಳ ತಿರುಳು ಯಾರಿಗೆ ಪತ್ರ ಸಲ್ಲದೆಂಬುದರಲ್ಲಿದೆ. ಪ್ರೋತ್ಸಾಹಕ ದರದಲ್ಲಿ ವಿದ್ಯುತ್ತನ್ನು ಮಾರಿದವನಿಗೆ ಪತ್ರವಿಲ್ಲ. ಏಕೆಂದರೆ ಕೊಂಡ ವಿತರಣ ಸಂಸ್ಥೆಯು ಆ ಯೂನಿಟ್ಟನ್ನು ತನ್ನ ಖರೀದಿ ಹೊಣೆಗೆ ಆಗಲೇ ಜಮೆ ಮಾಡಿಕೊಂಡಿರುತ್ತದೆ. ಸಂಸ್ಥೆಯ ಸರಾಸರಿ ಖರೀದಿ ಬೆಲೆಯನ್ನು ಮೀರದೆ ಮಾರಿದವನಿಗೆ ಪತ್ರವುಂಟು. ಅಲ್ಲಿ ಮಾರಾಟವಾದದ್ದು ಬರಿಯ ವಿದ್ಯುತ್ತು ಮಾತ್ರ. ಸ್ವಂತ ಬಳಕೆಗೆ ಉತ್ಪಾದಿಸುವವನು ಸಾಗಣೆಯ ರಿಯಾಯಿತಿಯನ್ನೋ, ಉಳಿದ ವಿದ್ಯುತ್ತನ್ನು ಜಾಲದಲ್ಲಿ ಇಟ್ಟು ಹಿಂಪಡೆಯುವ ಸೌಲಭ್ಯವನ್ನೋ ಪಡೆದಿದ್ದರೆ ಅವನಿಗೂ ಪತ್ರವಿಲ್ಲವೆಂದಾಯಿತು. ಮೊದಲನೆಯದು ಇಮ್ಮಡಿ ಎಣಿಕೆಗೆ ತಡೆ, ಕೊನೆಯದು ಇಮ್ಮಡಿ ಲಾಭಕ್ಕೆ ತಡೆ. ಇವೆರಡೂ ಒಂದೇ ಅಲ್ಲ. ಕರ್ನಾಟಕದ ಆಯೋಗವು 2014ರಲ್ಲಿ ಸೌರಸ್ಥಾವರಗಳಿಗೆ ಸಾಗಣೆಯ ಶುಲ್ಕದಿಂದ ವಿನಾಯಿತಿ ನೀಡಿದಾಗ, ಪತ್ರದ ಮಾರ್ಗವನ್ನು ಆರಿಸಿದ ಸ್ವಬಳಕೆಯ ಸ್ಥಾವರಗಳು ಶುಲ್ಕ ತೆರಬೇಕೆಂದು ವಿಧಿಸಿದುದು ಎರಡನೆಯ ತತ್ತ್ವವನ್ನೇ ಅನುಸರಿಸಿ.

ಕಾರ್ಯವಿಧಾನವೂ ಇದಕ್ಕೆ ತಕ್ಕಂತೆಯೇ ರಚಿತವಾಯಿತು. ರಾಜ್ಯದ ಸಂಸ್ಥೆ, ಮಹಾರಾಷ್ಟ್ರದಲ್ಲಿ ‘ಮೇಡಾ’, ಸ್ಥಾವರವನ್ನು ಪರಿಶೀಲಿಸಿ ಮಾನ್ಯ ಮಾಡಬೇಕು. ಮಾಪಕ ತೋರಿಸಿದ ಮೊತ್ತವನ್ನು ರಾಜ್ಯದ ಭಾರ ವಿತರಣ ಕೇಂದ್ರವು ದೃಢೀಕರಿಸಬೇಕು. ರಾಷ್ಟ್ರೀಯ ಭಾರ ವಿತರಣ ಕೇಂದ್ರವು ಪತ್ರವನ್ನು ನೀಡಬೇಕು. 2011ರ ಮಾರ್ಚ್ ತಿಂಗಳಲ್ಲಿ ವಿನಿಮಯ ಕೇಂದ್ರಗಳಲ್ಲಿ ವ್ಯಾಪಾರ ಮೊದಲಾಯಿತು. ಒಮ್ಮೆ ಮಾರಿದ ಪತ್ರವನ್ನು ಕೊಂಡವನು ಮತ್ತೆ ಮಾರುವಂತಿರಲಿಲ್ಲ. ಮಾಪಕ, ದಫ್ತರು, ರದ್ದತಿ ಎಂಬ ಈ ಮೂರು ಬೀಗಗಳೇ ವ್ಯವಸ್ಥೆಯ ಕಾವಲು.

ಆದರೆ ದಫ್ತರಿನ ಹೊರಗೆ ಆಡುವ ಮಾತಿಗೆ ಬೀಗವಿಲ್ಲ. 2021ರಲ್ಲಿ ಮಹಾರಾಷ್ಟ್ರದ ಆಯೋಗವು ಯೂನಿಟ್ಟಿಗೆ 66 ಪೈಸೆ ಹೆಚ್ಚು ತೆತ್ತವನಿಗೆ ಹಸಿರು ವಿದ್ಯುತ್ತು ಪಡೆಯುವ ಅವಕಾಶ ಕಲ್ಪಿಸಿತು. 2022ರ ಕೇಂದ್ರ ನಿಯಮಗಳಂತೆ, ಬಳಕೆದಾರನು ತನ್ನ ಹೊಣೆಗಿಂತ ಹೆಚ್ಚಾಗಿ ಕೊಂಡ ಹಸಿರು ವಿದ್ಯುತ್ತು ವಿತರಣ ಸಂಸ್ಥೆಯ ಹೊಣೆಗೆ ಜಮೆಯಾಗುತ್ತದೆ. ಕಾನೂನಿನ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ‘ಕಡ್ಡಾಯಕ್ಕಿಂತ ಹೆಚ್ಚಿನದನ್ನು ಮಾಡಿದೆ’ ಎಂದು ತಿಳಿದ ಬಳಕೆದಾರನ ಹಣವು ಸಂಸ್ಥೆಯು ಹೇಗಿದ್ದರೂ ಮಾಡಬೇಕಾಗಿದ್ದ ಕರ್ತವ್ಯವನ್ನೇ ಪೂರೈಸಿದಂತಾಗುತ್ತದೆ. ಹೊಸದಾಗಿ ಒಂದು ಗಾಳಿಯಂತ್ರವೂ ಏಳಬೇಕಾಗಿಲ್ಲ.

ಇದು ಭಾರತಕ್ಕೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ಐಸ್‌ಲೆಂಡ್ ತನ್ನ ಜಲವಿದ್ಯುತ್ತಿನ ಪ್ರಮಾಣಪತ್ರಗಳನ್ನು ಯುರೋಪಿಗೆ ಮಾರುತ್ತಿರುವಾಗ, ಅಲ್ಲಿಯೇ ಉಳಿದ ಬಳಕೆದಾರರು ಪತ್ರವಿಲ್ಲದೆಯೂ ಅದೇ ವಿದ್ಯುತ್ತನ್ನು ಹಸಿರೆಂದು ಹೇಳಿಕೊಳ್ಳುತ್ತಿರುವರೆಂಬ ಶಂಕೆಯಿಂದ, 2023ರ ಏಪ್ರಿಲ್ ತಿಂಗಳಲ್ಲಿ ಪತ್ರ ನೀಡುವ ಸಂಸ್ಥೆಗಳ ಯುರೋಪಿನ ಒಕ್ಕೂಟವು ಆ ರಫ್ತನ್ನು ತಡೆಹಿಡಿಯಿತು. ಜೂನ್ ತಿಂಗಳಲ್ಲಿ ತಡೆ ತೆರವಾಯಿತು. ಪತ್ರ ಹೊರದೇಶಕ್ಕೆ ಹೋದ ಮೇಲೆ ಹಿರಿಮೆ ಮನೆಯಲ್ಲಿ ಉಳಿಯಲಾರದೆಂಬುದೇ ಆ ಪ್ರಸಂಗದ ಪಾಠ.

2022ರ ಡಿಸೆಂಬರ್ 5ರಂದು ಜಾರಿಗೆ ಬಂದ ಭಾರತದ ಹೊಸ ನಿಯಮಗಳು ಬೆಲೆಯ ಮಿತಿಗಳನ್ನು ತೆಗೆದು, ಮಾರಾಟವಾಗುವವರೆಗೂ ಪತ್ರ ಸಿಂಧುವೆಂದು ಸಾರಿ, ವ್ಯಾಪಾರಿಗಳಿಗೂ ಪ್ರವೇಶ ಕೊಟ್ಟವು. ಅಲ್ಲದೆ ಗಾಳಿ ಮತ್ತು ಸೌರಕ್ಕೆ ಒಂದೊಂದೇ ಪತ್ರವಾದರೆ, ಜಲಮೂಲಕ್ಕೆ ಒಂದೂವರೆ, ಜೈವಿಕ ಇಂಧನಕ್ಕೆ ಎರಡೂವರೆ ಎಂಬ ಗುಣಕಗಳನ್ನು ಗೊತ್ತುಮಾಡಿದವು. ದುಬಾರಿ ಮೂಲಗಳಿಗೆ ನೆರವಾಗುವ ಉದ್ದೇಶ ಇಲ್ಲಿ ಸ್ಪಷ್ಟವಾಗಿದೆ. ಆದರೂ ಒಂದು ಪತ್ರವೆಂದರೆ ಸಾವಿರ ಯೂನಿಟ್ಟು ಎಂಬ ಮೊದಲಿನ ಸರಳ ಸಮೀಕರಣ ಇದರಿಂದ ಸಡಿಲವಾಯಿತು. ಪತ್ರಗಳನ್ನು ಎಣಿಸಿ ದೇಶದ ಹಸಿರು ವಿದ್ಯುತ್ತನ್ನು ಅಳೆಯುವಂತಿಲ್ಲ. ಮಾಪಕದ ಲೆಕ್ಕವನ್ನೇ ನೋಡಬೇಕು.

ಪ್ರಮಾಣಪತ್ರವು ಗಾಳಿಯನ್ನು ಬೀಸಿಸುವುದಿಲ್ಲ, ಬಿಸಿಲನ್ನು ಹೆಚ್ಚಿಸುವುದಿಲ್ಲ. ಅದರ ಬೆಲೆಯೆಲ್ಲ ಅದನ್ನು ನಂಬಿದವರ ವಿಶ್ವಾಸದಲ್ಲಿದೆ. ಆ ವಿಶ್ವಾಸ ಉಳಿಯಬೇಕಾದರೆ, ಪತ್ರವನ್ನು ಮಾರಿದವನು ಅದರ ಕೀರ್ತಿಯನ್ನೂ ಬಿಟ್ಟುಕೊಡಬೇಕು. ಪತ್ರವನ್ನು ಬಳಸಿದವನು ಅದನ್ನು ರದ್ದುಪಡಿಸಬೇಕು. ಎರಡು ದಫ್ತರುಗಳಿದ್ದಲ್ಲಿ ಅವು ಒಂದನ್ನೊಂದು ನೋಡಬೇಕು. ಕೊಟ್ಟ ಹಣವೂ ಖಜಾನೆಯಲ್ಲಿ ಉಳಿಯಿತೆಂಬ ಪವಾಡ ಸಟಾಣಾದ ಸಂತನಿಗೆ ಮೀಸಲಾಗಿರಲಿ.