ಕೈಗನ್ನಡಿಯಿಂದ ನಿಲುವುಗನ್ನಡಿಗೆ: ಗೋಡೆಗೆ ಬಂದ ಕನ್ನಡಿಯ ಕಥೆ

ಮಹಿಳಾ ವೇದಿಕೆಯ ಇ-ಸಂಚಿಕೆಗೆ ಈ ಸಲ ಇತಿಹಾಸದ ಲೇಖನ ಕೊಡು ಅಂದಾಗ ನನಗೆ ರಾಜರೂ ಯುದ್ಧಗಳೂ ನೆನಪಾಗಲಿಲ್ಲ, ಕನ್ನಡಿ ನೆನಪಾಯಿತು. ನಾನು ಓದಿದ್ದು ಎಂ.ಟೆಕ್., ದುಡಿಯುವುದು ಐಟಿಯಲ್ಲಿ. ಆದರೂ ದಿನಾ ಬೆಳಿಗ್ಗೆ ಕುಂಕುಮ ಇಡಲು ಎದುರು ನಿಲ್ಲುವ ಈ ವಸ್ತು ನಮ್ಮ ಗೋಡೆಗೆ ಯಾವಾಗ ಬಂತು, ಅಲ್ಲಿ ಯಾವ ಆಧಾರದಿಂದ ನಿಂತಿದೆ ಎಂದು ತಿಳಿಯುವ ಕುತೂಹಲ ಹುಟ್ಟಿತು.

ಕುತೂಹಲಕ್ಕೆ ಕಾರಣವೂ ಇತ್ತು. ಹೋದ ಮೇ ತಿಂಗಳ ಒಂದು ರಾತ್ರಿ, ಇಲ್ಲೇ ನಾಗಪುರದಲ್ಲಿ ನಮಗೆ ಪರಿಚಯದವರ ಬಾಡಿಗೆ ಫ್ಲಾಟಿನಲ್ಲಿ ಗೋಡೆಯ ದೊಡ್ಡ ಕನ್ನಡಿ ಕಳಚಿ ಬಿತ್ತು. ಬಿದ್ದದ್ದು ಮಗುವಿನ ಮಂಚದ ಮೇಲೆ. ಮಗು ಆವತ್ತು ಕೂಲರ್ ಇದ್ದ ಕೋಣೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿತ್ತು. ಮರುದಿನ ಬಂದವರೆಲ್ಲ "ಕನ್ನಡಿ ಒಡೆಯೋದು ಅಪಶಕುನ" ಅಂದರು. ನನಗೆ ಕಂಡದ್ದು ಗೋಡೆಯಲ್ಲಿ ಉಳಿದಿದ್ದ ಸಡಿಲವಾದ ತೂತು. ಆ ತೂತಿನ ಹಿಂದೆ ದೊಡ್ಡ ಇತಿಹಾಸವೇ ಇದೆ.

ಮೊದಲು ಮಾತನ್ನೇ ನೋಡೋಣ. ಕನ್ನಡದಲ್ಲಿ 'ಕೈಗನ್ನಡಿ' ಎಷ್ಟು ಬಳಕೆಯ ಪದವೆಂದರೆ "ಸಾಹಿತ್ಯ ಸಮಾಜದ ಕೈಗನ್ನಡಿ" ಎಂದು ಬರೆಯುವಾಗ ಅದರೊಳಗೆ ಕೈ ಇದೆ ಎನ್ನುವುದೇ ಮರೆತುಹೋಗುತ್ತದೆ. "ಅಂಗೈ ಹುಣ್ಣಿಗೆ ಕನ್ನಡಿ ಬೇಕೆ" ಎನ್ನುವ ಗಾದೆಯಲ್ಲೂ ಕೈ ಮತ್ತು ಕನ್ನಡಿ ಜೊತೆಗಿವೆ. ಇಲ್ಲಿ ನಾಗಪುರದಲ್ಲಿ ಕನ್ನಡಿಗೆ ಮರಾಠಿಯವರು 'ಆರಸಾ' ಅನ್ನುತ್ತಾರೆ. ಅದು ಸಂಸ್ಕೃತದ 'ಆದರ್ಶ'ದಿಂದ ಬಂದ ಪದ. ಸಂಸ್ಕೃತದಲ್ಲಿ ಆದರ್ಶ ಎಂದರೆ ಕನ್ನಡಿ. ನಾವು 'ಆದರ್ಶ ಮಹಿಳೆ' ಎನ್ನುವ ಪದದಲ್ಲೂ ಒಂದು ಕನ್ನಡಿ ಅಡಗಿದೆ!

ಭಾರತದ ಅತಿ ಹಳೆಯ ಕನ್ನಡಿಗಳು ಸಿಂಧೂ ಕಣಿವೆಯ ನೆಲೆಗಳಲ್ಲಿ ಸಿಕ್ಕಿವೆ. ತಾಮ್ರದ ದುಂಡು ತಟ್ಟೆ, ಹಿಡಿಯಲು ಒಂದು ಹಿಡಿಕೆ, ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು. ಅಲ್ಲಿಂದ ನಮ್ಮ ಬೇಲೂರಿಗೆ ಬಂದರೂ ಕನ್ನಡಿ ಇನ್ನೂ ಕೈಯಲ್ಲೇ ಇದೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ದರ್ಪಣ ಸುಂದರಿಯನ್ನು ನೋಡದ ಕನ್ನಡಿಗರು ಕಡಿಮೆ. ಅವಳ ಕೈಯಲ್ಲಿರುವುದು ಪುಟ್ಟ ದುಂಡು ಕನ್ನಡಿ.

ಆ ಕಾಲದ ಕನ್ನಡಿ ಗಾಜಿನದಲ್ಲ, ಲೋಹದ್ದು. ಅದನ್ನು ಮಾಡುವ ವಿದ್ಯೆ ಇಂದಿಗೂ ಕೇರಳದ ಆರನ್ಮುಳದಲ್ಲಿ ಉಳಿದಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ವಿಜ್ಞಾನಿ ಶಾರದಾ ಶ್ರೀನಿವಾಸನ್ ಅವರು ಆ ಲೋಹವನ್ನು ಅಧ್ಯಯನ ಮಾಡಿ, ಅದು ತಾಮ್ರ ಮತ್ತು ತವರದ ಮಿಶ್ರಣ, ತವರ ಸುಮಾರು ಮೂರನೇ ಒಂದು ಪಾಲು ಎಂದು ತೋರಿಸಿಕೊಟ್ಟರು. ಅಷ್ಟು ತವರ ಸೇರಿದಾಗ ಲೋಹ ಬಿಳುಪಾಗಿ, ಗಟ್ಟಿಯಾಗಿ, ಉಜ್ಜಿದರೆ ಥಳಥಳಿಸುತ್ತದೆ. ಆದರೆ ಗಾಜಿನಂತೆ ಪೆಡಸು, ಬಿದ್ದರೆ ಒಡೆಯುತ್ತದೆ. ದೊಡ್ಡದಾಗಿ ಎರಕ ಹೊಯ್ಯುವುದೂ ಕಷ್ಟ. ಹಾಗಾಗಿ ಕನ್ನಡಿ ಅಂಗೈಯಷ್ಟೇ ಉಳಿಯಿತು.

ನಮ್ಮ ಹಬ್ಬ, ಮದುವೆಗಳು ಈ ಪುಟ್ಟ ಕನ್ನಡಿಯನ್ನು ಇಂದಿಗೂ ಬಿಟ್ಟಿಲ್ಲ. ಮೊರದ ಬಾಗಿನದಲ್ಲಿ ಬಿಚ್ಚೋಲೆ, ಬಾಚಣಿಗೆಯ ಜೊತೆ ಕನ್ನಡಿ ಇರಲೇಬೇಕು. ಮದುವೆಯ ಎದುರುಗೊಳ್ಳುವಿಕೆಗೆ ಕಳಸಗನ್ನಡಿ ಹಿಡಿಯುತ್ತೇವೆ. ತುಳುನಾಡು, ಕಾಸರಗೋಡಿನ ಕಡೆ ಬಿಸು ಹಬ್ಬದ ಕಣಿಯಲ್ಲೂ ಕನ್ನಡಿ ಇಡುತ್ತಾರೆ. ಇವೆಲ್ಲ ಕೈಯಲ್ಲಿ ಹಿಡಿಯುವ, ತಟ್ಟೆಯಲ್ಲಿ ಇಡುವ ಕನ್ನಡಿಗಳು. ಶಾಸ್ತ್ರದಲ್ಲಿ ಎಲ್ಲೂ ಗೋಡೆಯ ಕನ್ನಡಿಯ ಮಾತಿಲ್ಲ, ಯಾಕೆಂದರೆ ಆ ಶಾಸ್ತ್ರ ಹುಟ್ಟಿದ ಕಾಲಕ್ಕೆ ಅದು ಇರಲೇ ಇಲ್ಲ.

ಕನ್ನಡಿ ದೊಡ್ಡದಾದದ್ದು ಯೂರೋಪಿನಲ್ಲಿ. ವೆನಿಸ್ ಪಕ್ಕದ ಮುರಾನೋ ದ್ವೀಪದ ಕುಶಲಿಗಳು 16ನೇ ಶತಮಾನದಲ್ಲಿ ತಿಳಿಗಾಜಿನ ಹಿಂದೆ ತವರ ಮತ್ತು ಪಾದರಸ ಹಚ್ಚಿ ಕನ್ನಡಿ ಮಾಡುತ್ತಿದ್ದರು. ಫ್ರಾನ್ಸ್ ಆ ವಿದ್ಯೆಯನ್ನು ತನ್ನದಾಗಿಸಿಕೊಂಡು 1684ರಲ್ಲಿ ವರ್ಸೈ ಅರಮನೆಯ ಕನ್ನಡಿ ಹಜಾರವನ್ನು ಮುಗಿಸಿತು. ಅಲ್ಲಿರುವ ಕನ್ನಡಿಗಳು 357. ಒಂದೇ ದೊಡ್ಡ ಹಲಗೆ ಮಾಡಲು ಬರುತ್ತಿರಲಿಲ್ಲವಾದ್ದರಿಂದ ತುಂಡುಗಳನ್ನು ಜೋಡಿಸಿದರು. ಈ ಹೊಳಪಿಗೆ ಬೆಲೆ ತೆತ್ತವರು ಕೂಲಿಕಾರರು. ಜರ್ಮನಿಯ ಫ್ಯುರ್ತ್ ಮತ್ತು ಎರ್ಲಾಂಗೆನ್ ಊರುಗಳ ಕನ್ನಡಿ ಕಾರ್ಖಾನೆಗಳಲ್ಲಿ ಪಾದರಸದ ಆವಿ ಕುಡಿದು ಕೈ ನಡುಗುತ್ತಿದ್ದವರನ್ನು ಪರೀಕ್ಷಿಸಿ ವೈದ್ಯ ಅಡಾಲ್ಫ್ ಕುಸ್ಮಾಲ್ 1861ರಲ್ಲಿ ಒಂದು ಗ್ರಂಥವನ್ನೇ ಬರೆದರು.

ಅವರನ್ನು ಉಳಿಸಿದ್ದು ರಸಾಯನಶಾಸ್ತ್ರ. 1835ರಲ್ಲಿ ಯುಸ್ಟುಸ್ ಫಾನ್ ಲೀಬಿಗ್ ಬೆಳ್ಳಿಯ ದ್ರಾವಣದಿಂದ ಗಾಜಿನ ಮೇಲೆ ತೆಳ್ಳನೆಯ ಬೆಳ್ಳಿಯ ಪದರ ಕೂರುವುದನ್ನು ಕಂಡರು. ಮುಂದೆ ಆ ವಿಧಾನ ಸುಧಾರಿಸಿ, ಶತಮಾನ ಮುಗಿಯುವ ಹೊತ್ತಿಗೆ ಪಾದರಸದ ಕನ್ನಡಿ ಹಿಂದೆ ಸರಿಯಿತು. ಕನ್ನಡಿ ಅಗ್ಗವಾಯಿತು, ಎತ್ತರವಾಯಿತು. ನಮ್ಮಲ್ಲಿ ಮೊದಲು ಅರಮನೆಗೆ, ಆಮೇಲೆ ಸಾಹುಕಾರರ ಮನೆಗೆ, ಕ್ಷೌರದಂಗಡಿಗೆ, ದರ್ಜಿ ಅಂಗಡಿಗೆ ಬಂತು. "ಇದು ಬೆಲ್ಜಿಯಂ ಕನ್ನಡಿ" ಎಂದು ಹಿರಿಯರು ಹೆಮ್ಮೆಯಿಂದ ಹೇಳುವುದನ್ನು ನೀವೂ ಕೇಳಿರಬಹುದು. ಹೀಗೆ 'ನಿಲುವುಗನ್ನಡಿ' ಎಂಬ ಚಂದದ ಪದಕ್ಕೆ ಮನೆಮನೆಯಲ್ಲೂ ಕೆಲಸ ಸಿಕ್ಕಿತು.

ಇಲ್ಲೊಂದು ಲೆಕ್ಕ. ಒಂದು ಚದರ ಮೀಟರ್ ಗಾಜು, ಒಂದೊಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ನಾಲ್ಕು ಅಡಿ ಎತ್ತರ, ಎರಡು ಅಡಿ ಅಗಲ, 5 ಮಿ.ಮೀ. ದಪ್ಪದ ಕನ್ನಡಿ ಎಂದರೆ ಒಂಬತ್ತು ಕಿಲೋ ದಾಟಿತು. ಮರದ ಚೌಕಟ್ಟು ಸೇರಿದರೆ ಹನ್ನೆರಡು ಎನ್ನಿ. ಕೈ ಹೊರುತ್ತಿದ್ದ ಭಾರ ಈಗ ಗೋಡೆಯ ಪಾಲಿಗೆ ಬಂತು. ಗೋಡೆ ಅದಕ್ಕೆ ತಯಾರಿತ್ತೇ?

ನಮ್ಮ ಹುಬ್ಬಳ್ಳಿ ಕಡೆಯ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಒಂದೂವರೆ, ಎರಡು ಅಡಿ ದಪ್ಪದ ಮಣ್ಣಿನ ಗೋಡೆ. ಅದರಲ್ಲಿ ಮೊಳೆ ನಿಲ್ಲುವುದಿಲ್ಲ. ಅದಕ್ಕೇ ಗೋಡೆ ಕಟ್ಟುವಾಗಲೇ ಮರದ ಗೂಟ ಸೇರಿಸುತ್ತಿದ್ದರು. ಅನುಕೂಲಸ್ಥರ ಮನೆಯಲ್ಲಿ ಅದೇ ಗಿಳಿಗೂಟ. ಕನ್ನಡಿಗೆ, ದೀಪಕ್ಕೆ ಗೋಡೆಯಲ್ಲೇ ಗೂಡು. ನಮ್ಮಜ್ಜಿ "ಕನ್ನಡಿ ಗೂಡಿನ್ಯಾಗ ಇಡವಾ, ಅಲ್ಲೇ ಅದು ಭದ್ರ" ಅನ್ನುತ್ತಿದ್ದರು. ಇಲ್ಲಿ ನಾಗಪುರದ ಮಹಾಲ್ ಭಾಗದಲ್ಲಿ ಭೋಂಸ್ಲೆಯರ ಕಾಲದಿಂದ ಬಂದ ವಾಡೆಗಳ ದಪ್ಪ ಗೋಡೆಗಳಲ್ಲೂ ಇಂಥ ಗೂಡುಗಳಿವೆ. ಬಾಳೆಲ್ಲ ಕನ್ನಡ, ಮರಾಠಿ ಎಂದು ಬೇರೆಯಾದರೂ ಗೋಡೆಯ ಬುದ್ಧಿ ಒಂದೇ.

ಆಮೇಲೆ ಇಟ್ಟಿಗೆ, ಸಿಮೆಂಟಿನ ತೆಳು ಗೋಡೆ ಬಂತು, ಗೂಡು ಹೋಯಿತು. ಭಾರ ತೂಗುಹಾಕಬೇಕಾದರೆ ಉಳಿಯಿಂದ ಗೋಡೆ ಕೊರೆದು, ಮರದ ಬೆಣೆ ಹೊಡೆದು, ಅದಕ್ಕೆ ಸ್ಕ್ರೂ ಬಿಗಿಯಬೇಕಿತ್ತು. ಗೋಡೆಯ ಅಂದ ಕೆಡುತ್ತಿತ್ತು, ಮರ ಒಣಗಿದರೆ ಬೆಣೆ ಸಡಿಲವಾಗುತ್ತಿತ್ತು. 1911ರ ಸುಮಾರಿಗೆ ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರರಿಗೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಕೆಡದಂತೆ ವಿದ್ಯುತ್ ಸಾಮಾನು ಕೂರಿಸುವ ಕೆಲಸ ಬಂತು. ಅವರು ಸೆಣಬಿನ ನಾರನ್ನು ಅಂಟಿನಿಂದ ಗಟ್ಟಿ ಮಾಡಿ ಪುಟ್ಟ ಕೊಳವೆ ಮಾಡಿದರು. ಸಣ್ಣ ತೂತಿನಲ್ಲಿ ಅದನ್ನು ಕೂರಿಸಿ ಸ್ಕ್ರೂ ತಿರುಗಿಸಿದರೆ ಕೊಳವೆ ಹಿಗ್ಗಿ ಗೋಡೆಯನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತಿತ್ತು. ನಮ್ಮೂರಿನ ಎಲೆಕ್ಟ್ರಿಷಿಯನ್ 'ರಾಲ್ ಪ್ಲಗ್' ಅನ್ನುವುದು ಈ ರಾಲಿಂಗ್ಸ್ ಹೆಸರಿನಿಂದ ಬಂದದ್ದು! ನಾಗಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಮಾತ್ರ 'ಗಿಟ್ಟಿ' ಎಂದು ಕೇಳಬೇಕು. 1958ರಲ್ಲಿ ಜರ್ಮನಿಯ ಆರ್ಟರ್ ಫಿಷರ್ ಇದನ್ನೇ ನೈಲಾನಿನಲ್ಲಿ ಮಾಡಿದರು. ಈ ನಡುವೆ, 1917ರಲ್ಲಿ ಅಮೆರಿಕದ ಬ್ಲ್ಯಾಕ್ ಮತ್ತು ಡೆಕ್ಕರ್ ಎಂಬ ಗೆಳೆಯರು ಪಿಸ್ತೂಲಿನಂಥ ಹಿಡಿಕೆ, ಬೆರಳಿಗೆ ಸ್ವಿಚ್ಚು ಇರುವ ಡ್ರಿಲ್ಲಿಗೆ ಪೇಟೆಂಟ್ ಪಡೆದಿದ್ದರು. ಒಬ್ಬರೇ ಹಿಡಿದು ಕೊರೆಯಬಹುದಾದ ಯಂತ್ರ ಅದು.

ಇಷ್ಟಾದ ಮೇಲೆ ಗೋಡೆ ಮತ್ತೊಮ್ಮೆ ಬದಲಾಯಿತು. ನಾಗಪುರದ ಪಕ್ಕದಲ್ಲೇ ಕೋರಾಡಿ, ಖಾಪರಖೇಡಾ ಉಷ್ಣ ವಿದ್ಯುತ್ ಸ್ಥಾವರಗಳಿವೆ. ಅಂಥ ಸ್ಥಾವರಗಳ ಹಾರುಬೂದಿ ಈಗ ಇಟ್ಟಿಗೆಯಾಗುತ್ತದೆ, ಹಗುರವಾದ ಎಎಸಿ ಬ್ಲಾಕೂ ಆಗುತ್ತದೆ. ಈ ಬ್ಲಾಕಿನ ಮೂಲ ಸ್ವೀಡನ್. 1920ರ ದಶಕದಲ್ಲಿ ಆಕ್ಸೆಲ್ ಎರಿಕ್ಸನ್ ರೂಪಿಸಿದ್ದು. ಸುಣ್ಣ, ಸಿಮೆಂಟು, ಬೂದಿಗೆ ಚೂರು ಅಲ್ಯೂಮಿನಿಯಂ ಪುಡಿ ಬೆರೆಸಿದರೆ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ, ಒಳಗೆಲ್ಲ ಗಾಳಿಯ ಗುಳ್ಳೆ. ನೀರಿನಲ್ಲಿ ತೇಲುವಷ್ಟು ಹಗುರ. ಶಾಖ ತಡೆಯುವುದರಿಂದ ನಮ್ಮ ಬೇಸಿಗೆಗೆ ಒಳ್ಳೆಯದೇ. ಆದರೆ ಇಟ್ಟಿಗೆಯನ್ನು ಕಚ್ಚಿ ಹಿಡಿಯುವ ಸಾಮಾನ್ಯ ಗಿಟ್ಟಿ ಇಲ್ಲಿ ಗುಳ್ಳೆಗಳನ್ನು ಪುಡಿ ಮಾಡುತ್ತದೆ. ತೂತು ಕ್ರಮೇಣ ಸಡಿಲವಾಗುತ್ತದೆ.

ಪರಿಚಯದವರ ಮನೆಯಲ್ಲಿ ಆದದ್ದೂ ಇದೇ. ಕನ್ನಡಿ ಹನ್ನೆರಡು ಕಿಲೋದ್ದು, ಗೋಡೆ ಗುಳ್ಳೆ ಬ್ಲಾಕಿನದು, ಮನೆ ಮಾಲೀಕರು ಕಳಿಸಿದ್ದ ಕೆಲಸದವ ಹೊಡೆದದ್ದು ಅಜ್ಜನ ಕಾಲದ ಒಂದೇ ಮೊಳೆ. ಕನ್ನಡಿಗೆ ಒಂದು ಕಾಲ, ಗೋಡೆಗೆ ಒಂದು ಕಾಲ, ಮೊಳೆಗೆ ಇನ್ನೊಂದು ಕಾಲ. ಮೂರೂ ಹೊಂದದಿದ್ದರೆ ಶಕುನ ನೋಡುವ ಅಗತ್ಯವೇ ಇಲ್ಲ, ಕನ್ನಡಿ ಬೀಳುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಗೋಡೆಯನ್ನು ಕೇಳಿ. ಡ್ರಿಲ್ಲಿನಿಂದ ಉದುರುವ ಪುಡಿ ಕೆಂಪಗಿದ್ದರೆ ಮಣ್ಣಿನ ಇಟ್ಟಿಗೆ; ಬೂದುಬಣ್ಣವಿದ್ದು ಕೊರೆಯಲು ಕಷ್ಟವಾದರೆ ಬೂದಿ ಇಟ್ಟಿಗೆ ಅಥವಾ ಕಾಂಕ್ರೀಟು; ಬೆಳ್ಳಗೆ, ಬೆಣ್ಣೆಯಂತೆ ಸಲೀಸಾಗಿ ಇಳಿದರೆ ಎಎಸಿ. ಕೊನೆಯದಕ್ಕೆ ಅದಕ್ಕೆಂದೇ ಇರುವ ಅಗಲ ಸುರುಳಿಯ ಪ್ಲಗ್ ಕೇಳಿ ತನ್ನಿ. ಪ್ಲಾಸ್ಟರಿನ ದಪ್ಪವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಪ್ಲಗ್ ಅದನ್ನು ದಾಟಿ ಒಳಗಿನ ಗೋಡೆಯಲ್ಲಿ ಕೂರಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ, ಒಳಗೆ ವೈರು ಇರುತ್ತದೆ. ಒಂದರ ಬದಲು ಎರಡು ಕೊಕ್ಕೆ ಹಾಕಿ, ಕೆಳಗೂ ಆಸರೆ ಕೊಡಿ. ದಾರವನ್ನು ಬಿಗಿಯಾಗಿ ಅಡ್ಡಕ್ಕೆ ಎಳೆದು ಕಟ್ಟಿದರೆ ಅಪಾಯ. ದಾರ ಅಡ್ಡಗೆರೆಗೆ 15 ಡಿಗ್ರಿಯಷ್ಟೇ ಓರೆ ಇದ್ದರೆ ಹನ್ನೆರಡು ಕಿಲೋ ಕನ್ನಡಿ ಒಂದೊಂದು ಬದಿಯ ದಾರವನ್ನೂ ಇಪ್ಪತ್ಮೂರು ಕಿಲೋದಷ್ಟು ಎಳೆಯುತ್ತದೆ. ಬರೀ ಅಂಟುಪಟ್ಟಿಯ ಮೇಲೆ ದೊಡ್ಡ ಕನ್ನಡಿ ಬಿಡಬೇಡಿ. ಕೂಲರಿನ ತೇವ ಬೆನ್ನಿನ ಬೆಳ್ಳಿಯನ್ನು ತಿಂದು ಅಂಚು ಕಪ್ಪಾಗಿಸುತ್ತದೆ, ಆದ್ದರಿಂದ ಗೋಡೆಗೂ ಕನ್ನಡಿಗೂ ನಡುವೆ ಚೂರು ಗಾಳಿಯಾಡಲಿ.

ಇನ್ನೊಂದು ಮಾತು. ನೇರವಾಗಿ ನಿಂತ ಕನ್ನಡಿಯಲ್ಲಿ ನಮ್ಮ ಪೂರ್ತಿ ನಿಲುವು ಕಾಣಲು ನಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು. ಐದು ಅಡಿ ನಾಲ್ಕು ಇಂಚಿನವರಿಗೆ ಎರಡು ಅಡಿ ಎಂಟು ಇಂಚು. ಮೇಲಂಚು ಕಣ್ಣಿಗೂ ನೆತ್ತಿಗೂ ನಡುವೆ ಬರುವಂತೆ ಹಾಕಿದರೆ ಸೀರೆಯ ನೆರಿಗೆಯಿಂದ ಕಾಲ್ಬೆರಳವರೆಗೆ ಕಾಣುತ್ತದೆ. ಅಷ್ಟು ಭಾರವೂ ಕಡಿಮೆ.

ಸಾವಿರಾರು ವರ್ಷ ಹೆಂಗಸರು ತಮ್ಮ ಕನ್ನಡಿಯನ್ನು ತಾವೇ ಹಿಡಿದಿದ್ದರು. ಅದರ ಭಾರ, ಒಡೆದೀತೆಂಬ ಎಚ್ಚರ ಎರಡೂ ಅವರ ಕೈಯಲ್ಲೇ ಇತ್ತು. ಕನ್ನಡಿ ಗೋಡೆಗೆ ಹೋದಾಗ ಆ ಎಚ್ಚರ ಯಾರೋ ಕೆಲಸದವನ ಪಾಲಾಯಿತು. ಡ್ರಿಲ್ ಈಗ ಒಂದೂವರೆ, ಎರಡು ಕಿಲೋದ ಯಂತ್ರ, ನಾವು ಇಡ್ಲಿ ಹಿಟ್ಟು ತುಂಬಿ ಎತ್ತುವ ಪಾತ್ರೆಗಿಂತ ಹಗುರ. ನೀವೇ ಕೊರೆಯಿರಿ, ಇಲ್ಲವೇ ಕೊರೆಯುವವನ ಪಕ್ಕ ನಿಂತು "ಅಣ್ಣಾ, ಇದು ಎಂಥಾ ಗೋಡೆ, ಯಾವ ಗಿಟ್ಟಿ ಹಾಕ್ತಾ ಇದ್ದೀರಿ?" ಎಂದು ಕೇಳಿ. ಈ ವಾರ ಒಮ್ಮೆ ನಿಮ್ಮ ಮನೆಯ ಕನ್ನಡಿಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಮಕ್ಕಳು ಮಲಗುವ ಕೋಣೆಯಿಂದಲೇ ಶುರು ಮಾಡಿ.