ಸೈಕಲ್ ಪಂದ್ಯದಲ್ಲಿ ಶಕ್ತಿ ಮತ್ತು ಯುಕ್ತಿ

ವೇಗದ ಪಂದ್ಯವೊಂದರಲ್ಲಿ ಸ್ಪರ್ಧಿಗಳಿಬ್ಬರೂ ಮುಂದಕ್ಕೆ ಹೋಗದೆ ನಿಂತುಬಿಟ್ಟರೆ ನೋಡುವವರು ಏನೆಂದಾರು? 1968ರಲ್ಲಿ ಇಟಲಿಯ ವರೇಸೆ ಎಂಬ ಊರಿನಲ್ಲಿ ನಡೆದದ್ದು ಅದೇ. ಅದು ಆ ದೇಶದ ರಾಷ್ಟ್ರೀಯ ಸೈಕಲ್ ಸ್ಪರ್ಧೆ. ಕಣದಲ್ಲಿದ್ದವರು ಪೆತ್ತೆನೆಲ್ಲಾ ಮತ್ತು ಬಿಯಾಂಕೆತ್ತೊ ಎಂಬ ಇಬ್ಬರು. ಇಬ್ಬರೂ ಒಲಿಂಪಿಕ್ ಚಿನ್ನ ಗೆದ್ದಿದ್ದವರು. ಓರೆಯಾದ ಓಟದ ಹಾದಿಯ ಮೇಲೆ, ಕಾಲನ್ನು ನೆಲಕ್ಕೆ ತಾಗಿಸದೆ, ಸೈಕಲನ್ನು ತೂಗಿ ಹಿಡಿದುಕೊಂಡು, ಒಬ್ಬನು ಇನ್ನೊಬ್ಬನನ್ನು ನೋಡುತ್ತ ಒಂದು ಗಂಟೆಗೂ ಮಿಕ್ಕು ನಿಂತೇ ಇದ್ದರು. ಕೊನೆಗೆ ಬಿಯಾಂಕೆತ್ತೊ ಬಳಲಿ ಕುಸಿದನು. ಮೊದಲು ಮುಂದೆ ಹೋಗುವವನು ಸೋಲುತ್ತಾನೆಂಬ ಭಯ ಇಬ್ಬರಿಗೂ ಇತ್ತು. ಆ ಭಯಕ್ಕೆ ಕಾರಣವೂ ಇತ್ತು.

ಸೈಕಲ್ ಸವಾರನ ನಿಜವಾದ ವೈರಿ ಎದುರಾಳಿಯಲ್ಲ, ಗಾಳಿ. ಇದನ್ನು ತಿಳಿಯಲು ವಿಜ್ಞಾನದ ಪುಸ್ತಕ ಬೇಕಿಲ್ಲ. ವಿಜಯಪುರ, ಬಾಗಲಕೋಟೆಗಳ ಬಯಲಿನಲ್ಲಿ ಎದುರುಗಾಳಿಗೆ ಸೈಕಲ್ ತುಳಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಿಂದ ಸಾಗುವವನು ತನ್ನ ಶಕ್ತಿಯ ಬಹುಭಾಗವನ್ನು ಗಾಳಿಯನ್ನು ಸೀಳುವುದಕ್ಕೇ ವ್ಯಯಮಾಡುತ್ತಾನೆ. ಅವನ ಹಿಂದಿನ ಗಾಲಿಗೆ ಅಂಟಿಕೊಂಡಂತೆ ಬರುವವನಿಗೆ ಶ್ರಮದಲ್ಲಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಉಳಿತಾಯ. ಅಂದರೆ, ಮುಂದಿರುವವನು ತನಗರಿವಿಲ್ಲದೆ ತನ್ನ ಪ್ರತಿಸ್ಪರ್ಧಿಯ ಸೇವೆ ಮಾಡುತ್ತಿರುತ್ತಾನೆ. ಈ ಒಂದು ಸಂಗತಿಯಿಂದ ಇಡೀ ಕ್ರೀಡೆಯ ಸ್ವರೂಪವೇ ಬದಲಾಗುತ್ತದೆ. ಯಾರು ಹೆಚ್ಚು ಬಲಶಾಲಿ ಎಂಬ ಪ್ರಶ್ನೆಯ ಜೊತೆಗೆ, ಯಾರ ಬಲ ಎಷ್ಟು ಉಳಿದಿದೆಯೆಂಬುದು ಯಾರಿಗೆ ಗೊತ್ತು ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಆಗ ಮುಖಭಾವವೂ ಒಂದು ಆಯುಧವಾಗುತ್ತದೆ.

ಈ ಆಯುಧ ಹೇಗೆ ಕೆಲಸಮಾಡುತ್ತದೆಂಬುದಕ್ಕೆ 1964ರ ಟೂರ್ ದ ಫ್ರಾನ್ಸ್ ಪಂದ್ಯಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಈ ಪಂದ್ಯ ಮೂರು ವಾರಗಳ ಕಾಲ, ದಿನಕ್ಕೊಂದು ಹಂತದಂತೆ, ಫ್ರಾನ್ಸ್ ದೇಶವನ್ನು ಸುತ್ತುವಂಥದು. ಎಲ್ಲ ಹಂತಗಳ ಕಾಲವನ್ನು ಕೂಡಿಸಿದಾಗ ಕಡಿಮೆ ವೇಳೆ ತೆಗೆದುಕೊಂಡವನು ಮುಂದಾಳು. ಅವನಿಗೆ ಹಳದಿ ಅಂಗಿಯ ಗೌರವ. ಆ ವರ್ಷ ಅಂಗಿಗಾಗಿ ಸೆಣಸಿದವರು ಜಾಕ್ ಆಂಕ್ತೀಲ್ ಮತ್ತು ರೇಮೋ ಪುಲಿದೋರ್. ಆಂಕ್ತೀಲ್ ನಾರ್ಮಂಡಿಯವನು, ಅದಾಗಲೇ ನಾಲ್ಕು ಬಾರಿ ಈ ಪಂದ್ಯವನ್ನು ಗೆದ್ದಿದ್ದನು. ಒಂಟಿಯಾಗಿ ಗಡಿಯಾರದೊಡನೆ ಸ್ಪರ್ಧಿಸುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಪುಲಿದೋರ್ ಲಿಮೂಸೆ ಪ್ರಾಂತದ ಬಡ ಗೇಣಿದಾರರ ಮಗ; ಬೆಟ್ಟ ಹತ್ತುವುದರಲ್ಲಿ ಗಟ್ಟಿಗ. ಜನರ ಬುದ್ಧಿ ಆಂಕ್ತೀಲನನ್ನು ಮೆಚ್ಚಿತು. ಹೃದಯ ಪುಲಿದೋರನಿಗೆ ಒಲಿಯಿತು.

ಜುಲೈ 12ರಂದು ಪಂದ್ಯ ಪ್ವೀ ದ ದೋಮ್ ಎಂಬ ಆರಿದ ಜ್ವಾಲಾಮುಖಿಯ ಬುಡಕ್ಕೆ ಬಂದಿತು. ಎತ್ತರ 1,465 ಮೀಟರ್. ಶಂಖದ ಸುರುಳಿಯಂತೆ ಬೆಟ್ಟವನ್ನು ಸುತ್ತುತ್ತ ಮೇಲೇರುವ ರಸ್ತೆ, ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಉಸಿರು ಕಟ್ಟಿಸುವಷ್ಟು ಕಡಿದು. ಹಳದಿ ಅಂಗಿ ಆಂಕ್ತೀಲನ ಮೈಮೇಲಿತ್ತು. ಆದರೆ ಪುಲಿದೋರನಿಗಿಂತ ಅವನು ಮುಂದಿದ್ದದ್ದು 56 ಸೆಕೆಂಡುಗಳು ಮಾತ್ರ. ಆ ವರ್ಷ ಇಟಲಿಯ ಮಹಾಪಂದ್ಯವನ್ನೂ ಗೆದ್ದು ಬಂದಿದ್ದ ಅವನ ದೇಹ ದಣಿದಿತ್ತು. ಸ್ಪೇನಿನ ಹಿಮೆನೆಸ್ ಮತ್ತು ಬಾಹಮೊಂತೆಸ್ ಎಂಬ ಇಬ್ಬರು ಮುಂದಕ್ಕೆ ಚಿಮ್ಮಿದಾಗ ಆಂಕ್ತೀಲ್ ಅವರ ಬೆನ್ನು ಹತ್ತಲಿಲ್ಲ. ಅವನ ಕಣ್ಣಿದ್ದದ್ದು ಒಬ್ಬನ ಮೇಲೆ.

ಇಂಥ ಸ್ಥಿತಿಯಲ್ಲಿ ಬಳಲಿದವನು ಎದುರಾಳಿಯ ಹಿಂದೆ, ಅವನ ಗಾಲಿಯ ಮರೆಯಲ್ಲಿ, ಬರುವುದು ವಾಡಿಕೆ. ಆಂಕ್ತೀಲ್ ಹಾಗೆ ಮಾಡಲಿಲ್ಲ. ಅವನು ಪುಲಿದೋರನ ಪಕ್ಕಕ್ಕೆ ಬಂದು, ಬೆಟ್ಟದ ಗೋಡೆಯ ಕಡೆಯ ಒಳಮಗ್ಗುಲನ್ನು ಹಿಡಿದು, ಹೆಗಲಿಗೆ ಹೆಗಲು ಕೊಟ್ಟು ಹತ್ತತೊಡಗಿದನು. ಒಮ್ಮೆ ಇಬ್ಬರ ಮೈಗಳೂ ಒಂದಕ್ಕೊಂದು ತಾಗಿದವು. ಆ ಕ್ಷಣದ ಛಾಯಾಚಿತ್ರ ಸೈಕಲ್ ಪಂದ್ಯದ ಇತಿಹಾಸದಲ್ಲೇ ಅತ್ಯಂತ ಹೆಸರಾದ ಚಿತ್ರಗಳಲ್ಲಿ ಒಂದು. ಕಡಿದಾದ ಏರಿನಲ್ಲಿ ವೇಗ ಕಡಿಮೆ, ಗಾಳಿಯ ಮರೆಯಿಂದ ಲಾಭವೂ ಕಡಿಮೆ. ಅಂಥಲ್ಲಿ ಹಿಂದೆ ಉಳಿದರೆ ದೊರೆಯುವ ಸುಖ ಅಲ್ಪ. ‘ಇವನು ಸೋತಿದ್ದಾನೆ’ ಎಂದು ಎದುರಾಳಿಗೆ ತಿಳಿದುಹೋಗುವ ನಷ್ಟ ಅಪಾರ. ಪಕ್ಕದಲ್ಲಿರುವವನು ಸಮಬಲನಂತೆ ಕಾಣುತ್ತಾನೆ. ಪುಲಿದೋರ್ ಅದನ್ನು ನಂಬಿದನು. ಅಥವಾ, ನಂಬದಿರುವಷ್ಟು ಧೈರ್ಯ ಅವನಿಗೆ ಬರಲಿಲ್ಲ. ಒಂದೊಂದೇ ತಿರುವು ಕಳೆಯುತ್ತಿತ್ತು, ಶಿಖರ ಹತ್ತಿರವಾಗುತ್ತಿತ್ತು, ಅವನು ಕಾಯುತ್ತಲೇ ಇದ್ದನು.

ಕೊನೆಗೆ ಒಂದು ಕಿಲೋಮೀಟರಿಗೂ ಕಡಿಮೆ ದಾರಿ ಉಳಿದಿದ್ದಾಗ ಪುಲಿದೋರ್ ಪ್ರಯತ್ನಿಸಿದನು. ಒಡನೆಯೇ ಗುಟ್ಟು ರಟ್ಟಾಯಿತು. ಆಂಕ್ತೀಲ್ ನಿಂತಂತಾದನು, ಅವನಲ್ಲಿ ಏನೂ ಉಳಿದಿರಲಿಲ್ಲ. ಆದರೆ ರಸ್ತೆಯೂ ಉಳಿದಿರಲಿಲ್ಲ. ಅಷ್ಟು ಚಿಕ್ಕ ದೂರದಲ್ಲೇ ಪುಲಿದೋರ್ 42 ಸೆಕೆಂಡುಗಳನ್ನು ಗಳಿಸಿದನು. ಆಂಕ್ತೀಲನ ಪಾಲಿಗೆ ಉಳಿದದ್ದು 14 ಸೆಕೆಂಡು. ಬೇಕಾದದ್ದಕ್ಕಿಂತ ಹದಿಮೂರು ಹೆಚ್ಚೇ ಇದೆ ಎಂದು ಅವನು ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ಎರಡು ದಿನಗಳ ಬಳಿಕ ಪ್ಯಾರಿಸ್ಸಿನಲ್ಲಿ ಅವನು 55 ಸೆಕೆಂಡುಗಳ ಅಂತರದಿಂದ ಐದನೆಯ ಬಾರಿ ಗೆದ್ದನು. ಪುಲಿದೋರ್ ಇನ್ನೂ ಸ್ವಲ್ಪ ಮೊದಲೇ ಅನುಮಾನಪಟ್ಟಿದ್ದರೆ? ಇತಿಹಾಸದಲ್ಲಿ ‘ರೆ’ ಪ್ರತ್ಯಯಕ್ಕೆ ಬೆಲೆಯಿಲ್ಲವೆನ್ನುತ್ತಾರೆ. ಆದರೂ ಫ್ರಾನ್ಸಿನ ಜನ ದಶಕಗಳ ಕಾಲ ಕೇಳಿಕೊಂಡದ್ದು ಈ ಪ್ರಶ್ನೆಯನ್ನೇ.

ಅದೇ ಪಂದ್ಯದಲ್ಲಿ ಇದಕ್ಕೂ ಮೊದಲು, ಮೊನಾಕೊ ನಗರದ ಕ್ರೀಡಾಂಗಣದಲ್ಲಿ, ಪುಲಿದೋರ್ ಇನ್ನೂ ಒಂದು ಸುತ್ತು ಬಾಕಿಯಿರುವುದನ್ನು ಮರೆತು, ಗುರಿ ಮುಟ್ಟಿದೆನೆಂದು ಭಾವಿಸಿಬಿಟ್ಟಿದ್ದನು. ಹಂತ ಗೆದ್ದವನಿಗೆ ಸಿಗುತ್ತಿದ್ದ ಒಂದು ನಿಮಿಷದ ಬಹುಮಾನ ಆಂಕ್ತೀಲನ ಪಾಲಾಯಿತು. ಒಂದು ನಿಮಿಷವೆಂದರೆ 60 ಸೆಕೆಂಡು. ಕೊನೆಯ ಅಂತರ 55. ಶಕ್ತಿಗಿಂತ ಯುಕ್ತಿ ಮೇಲೆಂಬ ಗಾದೆಗೆ ಇದಕ್ಕಿಂತ ಕಟುವಾದ ಲೆಕ್ಕ ಬೇಕೆ?

ಹಾಗಾದರೆ ಇದು ಮೋಸವಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಕಾವ್ಯಗಳನ್ನು ಓದಿದವರಿಗೆ ಇಲ್ಲಿ ಭೀಮ ದುರ್ಯೋಧನರ ಗದಾಯುದ್ಧ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ತೊಡೆಗೆ ಬಿದ್ದ ಆ ಪೆಟ್ಟು ಯುದ್ಧದ ನಿಯಮವನ್ನು ಮೀರಿದ್ದು. ಬೆಟ್ಟದ ಮೇಲೆ ಆಂಕ್ತೀಲ್ ಮುರಿದ ನಿಯಮ ಯಾವುದೂ ಇಲ್ಲ. ಅವನು ಸುಳ್ಳಾಡಲೂ ಇಲ್ಲ. ಎದುರಾಳಿಯು ತಪ್ಪಾಗಿ ಊಹಿಸಲು ಬಿಟ್ಟನು, ಅಷ್ಟೆ. ಉಪಾಯಕ್ಕೂ ಕಪಟಕ್ಕೂ ನಡುವಿನ ಗೆರೆ ಇಲ್ಲಿದೆ. ಉಪಾಯವು ಎದುರಾಳಿಯ ಕಣ್ಣೆದುರಿಗೇ ನಡೆಯುತ್ತದೆ; ಅದನ್ನು ಕಂಡುಹಿಡಿಯುವ ಅವಕಾಶ ಅವನಿಗೂ ಉಂಟು. ಕಪಟ ಆ ಅವಕಾಶವನ್ನೇ ಕಸಿದುಕೊಳ್ಳುತ್ತದೆ. ಆಂಕ್ತೀಲ್ ಈ ಗೆರೆಯನ್ನು ಸದಾ ಗೌರವಿಸಿದನೆಂದು ಹೇಳುವಂತಿಲ್ಲ. ಉದ್ದೀಪಕ ಔಷಧಗಳ ಸೇವನೆಯನ್ನು ಅವನು ಬಹಿರಂಗವಾಗಿಯೇ ಸಮರ್ಥಿಸಿದನು. 1967ರಲ್ಲಿ ಮಿಲಾನಿನಲ್ಲಿ ಒಂದು ಗಂಟೆಯ ಸವಾರಿಯ ದಾಖಲೆ ಮುರಿದಾಗ ಪರೀಕ್ಷೆಗೆ ಒಪ್ಪದೆಹೋದದ್ದರಿಂದ ಆ ದಾಖಲೆಗೆ ಮನ್ನಣೆ ಸಿಗಲಿಲ್ಲ. ಒಬ್ಬನೇ ಮನುಷ್ಯನ ಬಾಳಿನಲ್ಲಿ ಎರಡೂ ಇದ್ದವು. ಪ್ವೀ ದ ದೋಮ್‌ನ ಆ ಉಪಾಯವನ್ನು ಮೆಚ್ಚುವಾಗ ಇದನ್ನೂ ಮರೆಯಬಾರದು.

ಆಂಕ್ತೀಲ್ 1987ರಲ್ಲಿ ತೀರಿಕೊಂಡನು, ಪುಲಿದೋರ್ 2019ರಲ್ಲಿ. ಪುಲಿದೋರ್ ಆ ಮಹಾಪಂದ್ಯದಲ್ಲಿ ಮೂರು ಸಲ ಎರಡನೆಯವನಾದನು, ಐದು ಸಲ ಮೂರನೆಯವನಾದನು. ಹಳದಿ ಅಂಗಿಯನ್ನು ಒಂದು ದಿನವೂ ತೊಡಲಿಲ್ಲ. 2021ರ ಜೂನಿನಲ್ಲಿ ಅವನ ಮಗಳ ಮಗ ಮಥ್ಯೂ ವಾನ್ ಡೆರ್ ಪೂಲ್ ಅದನ್ನು ತೊಟ್ಟನು. ನೋಡಲು ಅಜ್ಜ ಉಳಿದಿರಲಿಲ್ಲ.

ಅದಾದ ಒಂದು ತಿಂಗಳೊಳಗೆ, ಜುಲೈ 25ರಂದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರಸ್ತೆ ಪಂದ್ಯ ನಡೆಯಿತು. ಪ್ವೀ ದ ದೋಮ್‌ನಲ್ಲಿ ಬಲಹೀನತೆಯನ್ನು ಮುಚ್ಚಿಟ್ಟವನು ಗೆದ್ದಿದ್ದರೆ, ಇಲ್ಲಿ ಬಲವಿದೆಯೆಂದು ಯಾರೂ ಎಣಿಸದವಳು ಗೆದ್ದಳು. ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಾಕೆ. ಆಕೆಗೆ ವೃತ್ತಿಪರ ತಂಡವಿರಲಿಲ್ಲ. ಅಂದಿನ ಪಂದ್ಯದಲ್ಲಿ ಆಕೆಯ ದೇಶದ ಇನ್ನೊಬ್ಬ ಸ್ಪರ್ಧಿಯೂ ಇರಲಿಲ್ಲ. ಗೆಲ್ಲುವವರೆಂದು ಎಲ್ಲರೂ ಎಣಿಸಿದ್ದ ನೆದರ್ಲೆಂಡ್ಸ್ ತಂಡದಲ್ಲಿ ನಾಲ್ವರು ಘಟಾನುಘಟಿಗಳಿದ್ದರು. 137 ಕಿಲೋಮೀಟರುಗಳ ಪಂದ್ಯ ಆರಂಭವಾದೊಡನೆಯೇ ಕೀಸೆನ್‌ಹೋಫರ್ ಮುನ್ನುಗ್ಗಿದಳು. ಇನ್ನು ನಾಲ್ವರು ಜೊತೆಗೂಡಿದರು. ಹೆಸರಿಲ್ಲದವರು ಹೋದರೆ ಹೋಗಲಿ ಎಂದು ಹಿಂದಿನ ಗುಂಪು ಸುಮ್ಮನಿದ್ದಿತು. ಅಂತರ ಹತ್ತು ನಿಮಿಷಗಳನ್ನು ಮೀರಿತು. ಇಬ್ಬರು ಮೊದಲೇ ಹಿಂದೆ ಬಿದ್ದರು. ಸುಮಾರು 40 ಕಿಲೋಮೀಟರ್ ಉಳಿದಿದ್ದಾಗ ಕೀಸೆನ್‌ಹೋಫರ್ ಉಳಿದಿಬ್ಬರನ್ನೂ ಬಿಟ್ಟು ಒಂಟಿಯಾಗಿ ಮುಂದೆ ಸಾಗಿದಳು.

1990ರ ದಶಕದಿಂದ ಈಚೆಗೆ ದೊಡ್ಡ ಪಂದ್ಯಗಳಲ್ಲಿ ಸವಾರರ ಕಿವಿಗೆ ಪುಟ್ಟ ರೇಡಿಯೊ ಇರುತ್ತದೆ. ಯಾರು ಎಲ್ಲಿದ್ದಾರೆ, ಎಷ್ಟು ಅಂತರ ಎಂಬುದನ್ನು ತಂಡದ ನಾಯಕರು ಹಿಂದಿನ ಕಾರಿನಿಂದ ಹೇಳುತ್ತಿರುತ್ತಾರೆ. ಒಲಿಂಪಿಕ್ಸ್‌ನ ಆ ಪಂದ್ಯದಲ್ಲಿ ಅದಕ್ಕೆ ಅನುಮತಿಯಿರಲಿಲ್ಲ. ಬಾನುಲಿಯಲ್ಲಿ ಮಾತನಾಡುತ್ತಿರುವ ನಾನು ಬಾನುಲಿಯ ಅಭಾವವನ್ನು ಕೊಂಡಾಡುವುದು ವಿಚಿತ್ರವೇ ಸರಿ. ಆದರೂ ಆ ದಿನದ ಸೊಗಸಿಗೆ ಕಾರಣ ಅದೇ. ಕೊನೆಯ ಕೆಲವು ಕಿಲೋಮೀಟರುಗಳಲ್ಲಿ ಗುಂಪು ಮುಂದಿದ್ದ ಇಬ್ಬರನ್ನು ಹಿಡಿಯಿತು. ಮುಂದೆ ಇನ್ನಾರೂ ಇಲ್ಲವೆಂದು ನೆದರ್ಲೆಂಡ್ಸಿನವರು ತಿಳಿದರು. ಅವರ ಆನೆಮೀಕ್ ವಾನ್ ಫ್ಲೂಟೆನ್ ಒಂಟಿಯಾಗಿ ಚಿಮ್ಮಿ, ಗುರಿ ದಾಟುತ್ತ, ಚಿನ್ನ ಗೆದ್ದೆನೆಂದು ಎರಡೂ ಕೈಗಳನ್ನು ಮೇಲೆತ್ತಿದಳು. ಕೀಸೆನ್‌ಹೋಫರ್ ಒಂದು ನಿಮಿಷ ಹದಿನೈದು ಸೆಕೆಂಡು ಮೊದಲೇ ಅಲ್ಲಿಗೆ ತಲುಪಿ, ನೆಲದ ಮೇಲೆ ಬಿದ್ದು ಏದುಸಿರು ಬಿಡುತ್ತಿದ್ದಳು. ಹೋದವರು ಐವರು, ಸಿಕ್ಕವರು ನಾಲ್ವರು. ಗಣಿತಜ್ಞೆಯ ಬೆನ್ನು ಹತ್ತಿದವರು ಮರೆತದ್ದು ಒಂದು ಕಳೆಯುವ ಲೆಕ್ಕವನ್ನು.

ಎರಡು ಪ್ರಸಂಗಗಳ ನಡುವೆ 57 ವರ್ಷಗಳ ಅಂತರ. ಒಂದರಲ್ಲಿ ಸೋತವನು ಎದುರಾಳಿಯನ್ನು ಇದ್ದದ್ದಕ್ಕಿಂತ ದೊಡ್ಡವನೆಂದು ಎಣಿಸಿದನು. ಇನ್ನೊಂದರಲ್ಲಿ ಸೋತವರು ಎದುರಾಳಿಯನ್ನು ಎಣಿಸಲೇ ಇಲ್ಲ. ಎರಡೂ ಕಡೆ ಸತ್ಯವನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಅದು ಒಂದು ಸಲ ಮೊಣಕೈಗೆ ತಾಗುವಷ್ಟು ಸಮೀಪದಲ್ಲಿತ್ತು. ಇನ್ನೊಂದು ಸಲ ರಸ್ತೆಯಲ್ಲಿ ಒಂದು ನಿಮಿಷದಷ್ಟು ಮುಂದೆ ಇತ್ತು. ಕಾಣಬೇಕಾದವರು ಕಾಣಲಿಲ್ಲ.