ಮತದ ಹಕ್ಕು ಮತ್ತು ನಮ್ಮ ಸೀಮೆಯ ಹೆಣ್ಣುಮಕ್ಕಳು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ನಮಗೆ ಹೇಳಿದರು. ಸಾಲ, ಬೀಜ, ಗೊಬ್ಬರ, ಶೇರು ಬಂಡವಾಳ ಇವುಗಳ ಲೆಕ್ಕ ಕಾರ್ಯದರ್ಶಿಗಳ ವರದಿಯಲ್ಲಿ ಬರುತ್ತದೆ. ಆದ್ದರಿಂದ ನಾವು ಬೇರೆ ಒಂದು ಲೆಕ್ಕ ಹಿಡಿದಿದ್ದೇವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಸೀಮೆಯ ಹೆಣ್ಣುಮಕ್ಕಳಿಗೆ ಮತದ ಹಕ್ಕು ಹೇಗೆ ಬಂತು, ಆ ಹಕ್ಕು ಹಿಡಕೊಂಡು ಅವರು ಎಲ್ಲಿವರೆಗೆ ನಡೆದು ಬಂದರು, ಮುಂದ ಇನ್ನೆಷ್ಟು ದಾರಿ ಉಳಿದಿದೆ ಎಂಬುದೇ ಆ ಲೆಕ್ಕ. ನಾವು ದೊಡ್ಡ ಪಂಡಿತರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲ ಹಿಡಿದವರು. ಓದಿದ್ದು, ಹಿರಿಯರಿಂದ ಕೇಳಿದ್ದು, ಕಂಡದ್ದು ಕೂಡಿಸಿ ಬರೆಯುತ್ತಿದ್ದೇವೆ.

ಹಳೆಯ ಕಾಲ

ನಮ್ಮ ಸೀಮೆಗೆ ಇತಿಹಾಸವೇನೂ ಕಡಿಮೆ ಇಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯ ಆ ಊರಿನಲ್ಲಿ ಅಮೋಘವರ್ಷ ನೃಪತುಂಗ ರಾಜ್ಯ ಆಳಿದ. ಅವನ ಮಗಳು ರೇವಕನಿಮ್ಮಡಿ ಎಡೆದೊರೆ ನಾಡಿನ ಆಡಳಿತ ನೋಡುತ್ತಿದ್ದಳು ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಆಮೇಲೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮನಂಥ ಶರಣೆಯರು ಗಂಡಸರ ಸರಿಸಮ ಕುಳಿತು ಮಾತನಾಡಿದರು.

ಆದರ ಒಂದು ಮಾತು ನೆನಪಿಡಬೇಕು. ರೇವಕನಿಮ್ಮಡಿ ಆಳಿದ್ದು ಅರಸನ ಮಗಳೆಂದು. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳನ್ನು, ಕಲ್ಲು ಹೊರುವ ಹೆಣ್ಣುಮಗಳನ್ನು "ನಿನ್ನ ಮಾತೇನವ್ವ?" ಎಂದು ಯಾವ ರಾಜ್ಯವೂ ಕೇಳಿರಲಿಲ್ಲ. ಆ ಕಾಲ ಬರಲು ಸಾವಿರ ವರ್ಷ ಬೇಕಾಯಿತು.

ನಿಜಾಮರ ಆಡಳಿತದಲ್ಲಿ

ನಮ್ಮ ಭಾಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಚಿತ್ತಾಪುರ, ಮಳಖೇಡ, ಸೇಡಂ ಮೇಲೆ ಹಾದು ಹೋಗುವ ಆ ದಾರಿ ಇಂದಿಗೂ ಇದೆ. ನಮ್ಮ ಹಿರಿಯರಿಗೆ ರಾಜಧಾನಿ ಅಂದರ ಹೈದರಾಬಾದೇ. ಕೋರ್ಟು, ಕಚೇರಿ, ಕಾಗದ ಎಲ್ಲ ಉರ್ದುವಿನಲ್ಲಿ. ಜನರಿಂದ ಆರಿಸಿ ಬಂದ ಸರಕಾರ ಎಂಬುದು ಗಂಡಸರಿಗೂ ಇರಲಿಲ್ಲ, ಹೆಂಗಸರಿಗೆ ಎಲ್ಲಿಂದ ಬರಬೇಕು?

ಸಂಸ್ಥಾನದ ಹೊರಗೆ ಅಷ್ಟರಲ್ಲಿ ಗಾಳಿ ಬೀಸತೊಡಗಿತ್ತು. 1917ರಲ್ಲಿ ಹೆಣ್ಣುಮಕ್ಕಳ ನಿಯೋಗವೊಂದು ಮದ್ರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗು ಸಾಹೇಬರನ್ನು ಕಂಡು, ನಮಗೂ ಮತದ ಹಕ್ಕು ಬೇಕು ಎಂದು ಕೇಳಿತು. ನಿಯೋಗದ ಮುಂದಾಳು ಸರೋಜಿನಿ ನಾಯ್ಡು. 1921ರಲ್ಲಿ ಮದ್ರಾಸ್ ಮತ್ತು ಮುಂಬೈ ಪ್ರಾಂತಗಳು ಆಸ್ತಿಪಾಸ್ತಿ ಇದ್ದ ಹೆಂಗಸರಿಗೆ ಮತ ಕೊಟ್ಟವು. ಧಾರವಾಡ, ಬಿಜಾಪುರ ಮುಂಬೈ ಪ್ರಾಂತದಲ್ಲಿದ್ದವು. ಮೈಸೂರು ಸಂಸ್ಥಾನವೂ 1920ರ ದಶಕದಲ್ಲಿ ಅದೇ ದಾರಿ ಹಿಡಿಯಿತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನ ಸಭೆಗೆ ಚುನಾವಣೆಗೇ ನಿಂತರು. ಸ್ವಲ್ಪ ಮತದಲ್ಲಿ ಸೋತರೂ ಮುಂದಿನವರಿಗೆ ಧೈರ್ಯ ಬಂತು.

ವಿಚಿತ್ರ ನೋಡ್ರಿ. ದೇಶದ ಹೆಣ್ಣುಮಕ್ಕಳ ಪರವಾಗಿ ಮತ ಕೇಳಿದ ಸರೋಜಿನಿ ನಾಯ್ಡು ಹುಟ್ಟಿ ಬೆಳೆದು ಮನೆ ಮಾಡಿದ್ದು ನಮ್ಮ ರೈಲು ದಾರಿಯ ಆ ತುದಿಯ ಹೈದರಾಬಾದಿನಲ್ಲೇ. ಆದರೂ ಆ ಸಂಸ್ಥಾನದ ಹೆಣ್ಣುಮಕ್ಕಳಿಗೆ ಮತ ಸಿಗಲಿಲ್ಲ. ಅಕ್ಷರ ಕಲಿಯುವುದೇ ಕಷ್ಟವಿದ್ದ ಆ ದಿನಗಳಲ್ಲಿ, 1930ರ ದಶಕದಲ್ಲಿ, ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದದ್ದನ್ನು ಇಲ್ಲಿ ಸ್ಮರಿಸಲೇಬೇಕು. ಮತಕ್ಕಿಂತ ಮೊದಲು ಪಾಟಿ-ಬಳಪ ಬಂತು.

1948ರ ಸೆಪ್ಟೆಂಬರ್ 17ರಂದು ನಮ್ಮ ಭಾಗ ನಿಜಾಮರ ಆಡಳಿತದಿಂದ ಬಿಡುಗಡೆ ಆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳ ಮೇಲೆ ನಮಗೆ ಬಂತು.

ಮೊದಲ ಓಟು

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರ ಹಿರಿತನದಲ್ಲಿ ತಯಾರಾದ ಆ ಸಂವಿಧಾನ 21 ವರ್ಷ ತುಂಬಿದ ಎಲ್ಲರಿಗೂ ಒಂದೇ ಮತ ಕೊಟ್ಟಿತು. ಹೊಲ ಇದೆಯೋ ಇಲ್ಲವೋ, ಓದು ಬರುತ್ತದೋ ಇಲ್ಲವೋ, ಯಾವ ಜಾತಿ, ಯಾವ ಧರ್ಮ, ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಗೌಡರ ಮನೆಯ ಅವ್ವನಿಗೂ ಒಂದೇ ಮತ, ಅವರ ಹೊಲಕ್ಕೆ ಕೂಲಿಗೆ ಬರುವ ಅವ್ವನಿಗೂ ಒಂದೇ ಮತ. 1989ರಿಂದ ಆ ವಯಸ್ಸು 18ಕ್ಕೆ ಇಳಿಯಿತು.

1951-52ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಆಗ ಮತಪತ್ರದ ಮೇಲೆ ಠಸ್ಸೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಗುರುತು. ತಮಗೆ ಬೇಕಾದ ಗುರುತಿನ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರ ಮುಗಿಯಿತು. ಅಕ್ಷರ ಬಾರದವರಿಗೆ ಇದರಿಂದ ಅನುಕೂಲವಾಯಿತು. ಆ ಚುನಾವಣೆಯಲ್ಲಿ ಗುಲಬರ್ಗಾದಿಂದ ಲೋಕಸಭೆಗೆ ಆರಿಸಿ ಹೋದವರು ಹೈದರಾಬಾದ್ ವಿಮೋಚನೆಯ ನಾಯಕರಾದ ಸ್ವಾಮಿ ರಮಾನಂದ ತೀರ್ಥರು. ಹೈದರಾಬಾದ್ ಶಹರದ ಶಾಲಿಬಂಡಾದಿಂದ ಮಾಸೂಮಾ ಬೇಗಂ ಶಾಸನ ಸಭೆಗೆ ಬಂದರು. ನಾಲ್ಕು ವರ್ಷದ ಹಿಂದೆ ಜನರಿಂದ ಆರಿಸಿ ಬಂದ ಸರಕಾರವೇ ಇಲ್ಲದ ರಾಜ್ಯದಲ್ಲಿ ಹೆಣ್ಣುಮಗಳು ಶಾಸಕಿಯಾದದ್ದು ಸಣ್ಣ ಮಾತಲ್ಲ.

ಆ ಚುನಾವಣೆಯ ಇನ್ನೊಂದು ಸಂಗತಿ ಎಲ್ಲರೂ ತಿಳಿಯಬೇಕು. ಪಟ್ಟಿ ಮಾಡುವವರು ಮನೆಮನೆಗೆ ಹೋದಾಗ ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳಲಿಲ್ಲ. "ಇಂಥವನ ಹೆಂಡತಿ", "ಇಂಥವನ ತಾಯಿ" ಎಂದಷ್ಟೇ ಬರೆಸಿದರು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಡಲಾಗದು ಎಂದು ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಗಟ್ಟಿಯಾಗಿ ನಿಂತರು. ದೇಶದಲ್ಲಿ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋದವು. ಅವರಲ್ಲಿ ಬಹಳ ಮಂದಿ ಉತ್ತರದ ರಾಜ್ಯಗಳವರು.

ನಮ್ಮಲ್ಲಿಯೂ ರೂಢಿ ಏನು ಬೇರೆ ಇರಲಿಲ್ಲ. ಗಂಡನ ಹೆಸರು ನೇರ ಹೇಳಬಾರದೆಂದು ಮದುವೆಯಲ್ಲಿ ಒಡಪು ಹಾಕಿ ಹೇಳಿಸುತ್ತಾರೆ. ಅದು ಚಂದದ ಪದ್ಧತಿ, ಇರಲಿ. ಆದರ ಅತ್ತೆ ಮನೆಗೆ ಬಂದ ಮೇಲೆ ಅವಳ ಹೆಸರೇ ಮರೆತು "ಇಂಥ ಊರಾಕಿ", "ಇಂಥವರ ಸೊಸಿ" ಎಂದು ಕರೆಯುತ್ತಿದ್ದರು. ಮನೆ ದಾಖಲೆ ಗಂಡಸಿನ ಹೆಸರಿಗೆ, ಪಹಣಿ ಗಂಡಸಿನ ಹೆಸರಿಗೆ. ಎಷ್ಟೋ ಅವ್ವಂದಿರ ಸ್ವಂತ ಹೆಸರು ಮೊದಲ ಸಲ ಸರಕಾರಿ ಕಾಗದದ ಮೇಲೆ ಬಂದದ್ದು ಮತದಾರರ ಪಟ್ಟಿಯಲ್ಲೇ.

ಹಕ್ಕು ಬಂತು, ಮಾತು ಬರಲಿಲ್ಲ

1956ರ ನವೆಂಬರ್ 1ರಂದು ನಾವು ಕನ್ನಡ ನಾಡಿಗೆ ಸೇರಿದೆವು. ಚುನಾವಣೆಗಳು ಬಂದವು, ಹೋದವು. 1962ರಿಂದ ಬೆರಳಿಗೆ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಹತ್ತಿತು. ಹೆಣ್ಣುಮಕ್ಕಳು ಮಿಂದು, ಮಡಿ ಸೀರೆ ಉಟ್ಟು, ಜಾತ್ರೆಗೆ ಹೋದಂತೆ ಗುಂಪು ಗುಂಪಾಗಿ ಓಟು ಹಾಕಲು ಹೋಗುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಆದರ ಯಾವ ಗುರುತಿಗೆ ಎಂಬುದು ಹಿಂದಿನ ರಾತ್ರಿಯೇ ಗುಡಿ ಕಟ್ಟೆಯ ಮೇಲೆ ಗಂಡಸರ ನಡುವೆ ನಿಶ್ಚಯ ಆಗಿರುತ್ತಿತ್ತು. ನಮ್ಮ ಜಿಲ್ಲೆ ಚಿಂಚೋಳಿಯ ವೀರೇಂದ್ರ ಪಾಟೀಲರು, ಜೇವರ್ಗಿಯ ಧರಂಸಿಂಗ್ ಅವರು ಹೀಗೆ ಇಬ್ಬರು ಮುಖ್ಯಮಂತ್ರಿಗಳನ್ನು ನಾಡಿಗೆ ಕೊಟ್ಟಿದೆ. ಅವರನ್ನು ಆರಿಸಿದ ಮತಗಳಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. ವೇದಿಕೆಯ ಮೇಲೆ ಮಾತ್ರ ಅವರಿಗೆ ಜಾಗ ಇರಲಿಲ್ಲ.

ಆ ಜಾಗ ಮೊದಲು ತೆರೆದದ್ದು ಪಂಚಾಯತಿಯಲ್ಲಿ. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯಿದೆ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳಲ್ಲಿ ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿಟ್ಟಿತು. 1987ರಲ್ಲಿ ಚುನಾವಣೆ ಆಯಿತು. ಮುಂದೆ 73ನೇ ತಿದ್ದುಪಡಿಯಿಂದ ಇಡೀ ದೇಶದ ಪಂಚಾಯತಿಗಳಲ್ಲಿ ಮೂರರಲ್ಲಿ ಒಂದು ಸ್ಥಾನ ಹೆಣ್ಣುಮಕ್ಕಳಿಗೆ ಬಂತು. 1993ರ ಕೊನೆಗೆ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆಯಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು.

ಮೊದಮೊದಲು ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಕುರ್ಚಿ ಹೆಂಡತಿಯದು, ಕೂಡುವವ ಗಂಡ. ಠರಾವು ಪುಸ್ತಕ ಮನೆಗೆ ಬರುತ್ತಿತ್ತು, ಅಧ್ಯಕ್ಷರು ರೊಟ್ಟಿ ಬಡಿಯುವುದು ಬಿಟ್ಟು ಎದ್ದುಬಂದು ಹೆಬ್ಬೆಟ್ಟು ಒತ್ತುತ್ತಿದ್ದರು. "ಹೆಂಗಸರಿಗೆ ಇದೆಲ್ಲ ತಿಳಿಯೋದಿಲ್ರಿ" ಎಂದು ನಕ್ಕವರು ಬಹಳ ಮಂದಿ. ನಕ್ಕವರಿಗೆ ಉತ್ತರ ಕೊಟ್ಟದ್ದು ಸಂಘಗಳು.

ಸಂಘ ಕಟ್ಟಿದ ಬಲ

1989ರಲ್ಲಿ ಮಹಿಳಾ ಸಮಾಖ್ಯಾ ಎಂಬ ಕಾರ್ಯಕ್ರಮ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾಗಿ, ನಂತರ ನಮ್ಮ ಜಿಲ್ಲೆಗೂ ಬಂತು. ಕೂಲಿ ಮಾಡುವ ಬಡ ಹೆಣ್ಣುಮಕ್ಕಳನ್ನು ರಾತ್ರಿ ಹೊತ್ತು ಕೂಡಿಸಿ, ಮೊದಲು ಮಾತನಾಡಲು ಕಲಿಸಿದ್ದು ಅದು. 2000ದಲ್ಲಿ ರಾಜ್ಯ ಸರಕಾರ ಅಂಗನವಾಡಿಗಳ ಮುಖಾಂತರ ಸ್ತ್ರೀಶಕ್ತಿ ಗುಂಪು ಕಟ್ಟಿಸಿತು. ಹನಿ ಹನಿ ಗೂಡಿದರ ಹಳ್ಳ ಎಂಬಂತೆ ವಾರಕ್ಕಿಷ್ಟು ಎಂದು ಉಳಿತಾಯ, ಸರದಿಯ ಮೇಲೆ ಸಾಲ, ಪುಸ್ತಕ ಬರೆಯುವುದು, ಬ್ಯಾಂಕಿಗೆ ಹೋಗುವುದು.

ರಾಜಕೀಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಹಳ ಇದೆ. ಬ್ಯಾಂಕಿನಲ್ಲಿ ಸಹಿ ಮಾಡಲು ಕಲಿತ ಕೈ ಠರಾವು ಪುಸ್ತಕದಲ್ಲೂ ಓದಿ ಸಹಿ ಮಾಡುತ್ತದೆ. ಹದಿನೈದು ಮಂದಿಯ ಎದುರು ತನ್ನ ಲೆಕ್ಕ ಹೇಳಿದಾಕೆ ಗ್ರಾಮ ಸಭೆಯಲ್ಲಿ ಎದ್ದು "ನಮ್ಮ ಓಣಿಗೆ ನೀರು ಯಾಕ ಬರಲಿಲ್ಲ?" ಎಂದು ಕೇಳುತ್ತಾಳೆ. ಒಬ್ಬಾಕೆ ನಿಂತರೆ ಬಾಯಿ ಮುಚ್ಚಿಸುತ್ತಾರೆ, ಗುಂಪು ನಿಂತರೆ ಕೇಳಲೇಬೇಕಾಗುತ್ತದೆ. ಸಾರಾಯಿ ವಿರುದ್ಧ ಹೀಗೇ ಊರೂರಿನಲ್ಲಿ ಹೆಣ್ಣುಮಕ್ಕಳು ಎದ್ದರು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು.

ನಮ್ಮ ಸೀಮೆಯಲ್ಲಿ ಸಂಘ ಕಟ್ಟುವುದು ಸುಲಭದ ಕೆಲಸವಲ್ಲ. ಸೇಡಂ, ಚಿತ್ತಾಪುರದಲ್ಲಿ ತೊಗರಿ ರಾಶಿ ಕಾಲಕ್ಕೆ ಯಾರಿಗೂ ಪುರಸೊತ್ತಿಲ್ಲ. ಶಹಾಬಾದ, ವಾಡಿ ಕಡೆ ಫರಸಿ ಕಲ್ಲಿನ ಖಣಿಯಲ್ಲಿ ದುಡಿದು ಬಂದವರಿಗೆ ಸಂಜೆ ಸಭೆಗೆ ಕೂಡುವ ತ್ರಾಣ ಇರುವುದಿಲ್ಲ. ಚಿಂಚೋಳಿಯ ತಾಂಡಾಗಳಿಂದ ಎಷ್ಟೋ ಕುಟುಂಬ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಚುನಾವಣೆ ಬೇಸಿಗೆಯಲ್ಲಿ ಬಂದರೆ ಪಟ್ಟಿಯಲ್ಲಿ ಹೆಸರು ಇರುತ್ತದೆ, ಊರಲ್ಲಿ ಆಳು ಇರುವುದಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 68ಕ್ಕೂ ಹೆಚ್ಚು ಮತ ಬಿದ್ದರೆ, ಸೇಡಂ-ಚಿತ್ತಾಪುರ ಸೇರಿದ ನಮ್ಮ ಕ್ಷೇತ್ರದಲ್ಲಿ 61ರ ಆಸುಪಾಸು ನಿಂತಿತು. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ ಓದು ಬಲ್ಲ ಹೆಣ್ಣುಮಕ್ಕಳು ನೂರಕ್ಕೆ 55 ಮಾತ್ರ. ಇಷ್ಟೆಲ್ಲ ಅಡೆತಡೆಯ ನಡುವೆಯೂ ಸಂಘಗಳು ನಡೆದಿವೆ ಎಂಬುದೇ ಹೆಮ್ಮೆ.

ಹಕ್ಕಿನ ಹಬ್ಬ

2011ರಿಂದ ಪ್ರತಿ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನ ಆಚರಿಸಲಾಗುತ್ತಿದೆ. ರಂಗೋಲಿ, ಪ್ರತಿಜ್ಞೆ, ಜಾಥಾ ಎಲ್ಲದರಲ್ಲೂ ಸಂಘದ ಹೆಣ್ಣುಮಕ್ಕಳು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರೇ ಮುಂದು. 2018ರ ವಿಧಾನಸಭಾ ಚುನಾವಣೆಯಿಂದೀಚೆಗೆ ಸಖಿ ಮತಗಟ್ಟೆಗಳು ಬಂದಿವೆ. ಅಲ್ಲಿ ಅಧಿಕಾರಿಯಿಂದ ಹಿಡಿದು ಸಿಬ್ಬಂದಿಯವರೆಗೆ ಹೆಣ್ಣುಮಕ್ಕಳೇ. ಗುಲಾಬಿ ಬಣ್ಣದ ಪರದೆ ನೋಡಿ ಜನ ಪಿಂಕ್ ಬೂತ್ ಅಂತಾರ. ಇದರಿಂದ ಏನು ದೊಡ್ಡದಾಯಿತು ಎನ್ನುವವರು, ಆ ಹೊತ್ತು ಪಾಳಿಯಲ್ಲಿ ನಿಂತ ಮುದುಕಿಯರ ಮುಖ ನೋಡಬೇಕು.

ಆದರ ಹಬ್ಬ ಮಾಡಿ ಮನೆಗೆ ಹೋದರ ಸಾಲದು. 2023ರಲ್ಲಿ ರಾಜ್ಯ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಣ್ಣುಮಕ್ಕಳು ಕೇವಲ 10. ಅವರಲ್ಲಿ ಕಲಬುರಗಿ ಉತ್ತರದ ಕನೀಜ್ ಫಾತಿಮಾ, ದೇವದುರ್ಗದ ಕರೆಮ್ಮ ನಾಯಕ ನಮ್ಮ ಕಲ್ಯಾಣ ಕರ್ನಾಟಕದವರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರರಲ್ಲಿ ಒಂದು ಸ್ಥಾನ ಮೀಸಲಿಡುವ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಅಂದು ಪಾಸಾದ ಕಾಯಿದೆಯಲ್ಲಿ ಜನಗಣತಿ ಮತ್ತು ಕ್ಷೇತ್ರಗಳ ಮರುವಿಂಗಡಣೆ ಆದ ಮೇಲೆ ಜಾರಿ ಎಂದು ಬರೆದಿತ್ತು.

ನಮ್ಮ ಸಂಘದ ಬಾಗಿಲು

ಬೆಂಗಳೂರು, ದಿಲ್ಲಿಯ ಮಾತು ಹಾಗಿರಲಿ. ಕೊನೆಗೆ ನಮ್ಮ ಅಂಗಳಕ್ಕೇ ಬರೋಣ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪಕ್ಕೆ ಮೂಲ ತತ್ವ ಒಂದೇ: ಶೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಸಂವಿಧಾನ ದೇಶಕ್ಕೆ ಹೇಳಿದ್ದೂ ಅದನ್ನೇ. ಹಾಗಿದ್ದರೂ ಕೃಷಿ ಪತ್ತಿನ ಸಂಘಗಳಲ್ಲಿ ಹೆಣ್ಣುಮಕ್ಕಳು ಕಡಿಮೆ. ಯಾಕಂದ್ರ ಬೆಳೆ ಸಾಲಕ್ಕೆ ಪಹಣಿ ಬೇಕು, ಪಹಣಿ ಗಂಡಸರ ಹೆಸರಿನಲ್ಲಿದೆ. ದುಡಿಯುವವಳು ಅವಳು, ದಾಖಲೆಯಲ್ಲಿ ಅವನು.

ಕಾಯಿದೆ ಅಡ್ಡ ಬರುವುದಿಲ್ಲ. 1994ರಲ್ಲೇ ಕರ್ನಾಟಕ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶ ಅದನ್ನು ಒಪ್ಪಿತು. ನಮ್ಮಂಥ ಸಂಘಗಳ ಆಡಳಿತ ಮಂಡಳಿಯಲ್ಲೂ ಹೆಣ್ಣುಮಕ್ಕಳಿಗೆ ಎರಡು ಸ್ಥಾನ ಮೀಸಲು. ಎರಡು ಎಂದರ ಎರಡೇ ಎಂದು ಎಲ್ಲಿಯೂ ಬರೆದಿಲ್ಲ, ಸಾಮಾನ್ಯ ಸ್ಥಾನಕ್ಕೂ ಅವರು ನಿಲ್ಲಬಹುದು.

ಆದ್ದರಿಂದ ರಜತ ಮಹೋತ್ಸವದ ಈ ಹೊತ್ತಿನಲ್ಲಿ ಸದಸ್ಯ ಬಾಂಧವರಲ್ಲಿ ನಮ್ಮ ಕೋರಿಕೆ ಇಷ್ಟೇ. ಒಂದು, ಪಾಲು ಹಂಚುವಾಗ ಮನೆಯ ಹೆಣ್ಣುಮಕ್ಕಳ ಹೆಸರಿಗೂ ಪಹಣಿ ಮಾಡಿಸಿ, ಅವರನ್ನು ಸಂಘದ ಸದಸ್ಯರನ್ನಾಗಿ ಮಾಡಿರಿ. ಎರಡು, ವಾರ್ಷಿಕ ಮಹಾಸಭೆಗೆ ಅವರನ್ನು ಕರೆತನ್ನಿರಿ. ಸಭೆಗೆ ಬಾರದೆ, ವ್ಯವಹಾರ ಮಾಡದೆ ಇದ್ದರೆ ಚುನಾವಣೆ ಹೊತ್ತಿಗೆ ಹೆಸರು ಅನರ್ಹರ ಪಟ್ಟಿಗೆ ಹೋಗುವ ಭಯ ಇದೆ. ಮೂರು, ಆರಿಸಿ ಬಂದ ನಿರ್ದೇಶಕಿಯರ ಕುರ್ಚಿಯಲ್ಲಿ ಅವರೇ ಕೂಡಲಿ, ಠರಾವಿನ ಕೆಳಗೆ ಅವರೇ ಓದಿ ಸಹಿ ಮಾಡಲಿ.

ತಾಯಂದಿರಿಗೂ ಒಂದು ಮಾತು. ದೇಶದ ಪಟ್ಟಿಯಲ್ಲಿ ನಿಮ್ಮ ಹೆಸರು ಎಪ್ಪತ್ತು ವರ್ಷದ ಹಿಂದೆಯೇ ಬಂದಿದೆ. ಈ ಸಂಘದ ಸದಸ್ಯರ ಪುಸ್ತಕದಲ್ಲೂ ಅದು ಬರಲಿ. ಹೆಸರು ಬರೆಸುವಾಗ ಇಂಥವರ ಹೆಂಡತಿ ಎನ್ನಬೇಡಿರಿ, ನಿಮ್ಮ ಹೆಸರನ್ನೇ ಹೇಳಿರಿ.